ಪೈನ್ ಹಲಗೆಯ ತವರೂರಿಗೆ ಹೋಗಿಬಂದೆ

ಯಶವಂತಪುರ

ಜರ್ಮನಿಗೆ ಹೋಗಿಬಂದವರನ್ನು ನಮ್ಮ ಯಶವಂತಪುರದ ಜನ ಮೊದಲು ಕೇಳುವುದು, "ಅಲ್ಲಿ ತುಂಬಾ ಕ್ಲೀನಂತೆ, ಹೌದೇನ್ರೀ?" ಹೌದು, ಕ್ಲೀನೇ. ರಸ್ತೆ ಕ್ಲೀನು, ನದಿ ಕ್ಲೀನು, ಆಡುವ ಮಾತೂ ಕ್ಲೀನು. ಅಷ್ಟು ಕ್ಲೀನಾಗಿ ಇಲ್ಲಿಯವರೆಗೆ ನನಗೆ ಯಾರೂ ಅನ್ಯಾಯ ಮಾಡಿರಲಿಲ್ಲ. ಆ ಸಿಟ್ಟು ಇಳಿಯುವ ಮೊದಲೇ ಬರೆದುಬಿಡೋಣ ಎಂದು ಕೂತಿದ್ದೇನೆ.

ನನ್ನದು ಪ್ಯಾಲೆಟ್ ಮಾಡುವ ಕಾರ್ಖಾನೆ. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ರೈಲು ಹಳಿಯ ಪಕ್ಕ ಒಂದು ತಗಡಿನ ಶೆಡ್ಡು, ಅದರ ಮುಂದೆ ಒಂದು ಅಂಗಳ. ಪ್ಯಾಲೆಟ್ ಅಂದರೆ ಸರಕಿನ ಕೆಳಗೆ ಹಾಕುವ ಮರದ ಮಣೆ. ನೀವು ಅಂಗಡಿಯಿಂದ ತರುವ ಯಾವ ಡಬ್ಬಿಯಾದರೂ ಒಂದಲ್ಲ ಒಂದು ದಿನ ಇಂಥ ಮಣೆಯ ಮೇಲೆ ಕೂತು ಲಾರಿ ಹತ್ತಿರುತ್ತದೆ, ಹಡಗು ಹತ್ತಿರುತ್ತದೆ. ಡಬ್ಬಿಯನ್ನು ಎಲ್ಲರೂ ನೋಡುತ್ತಾರೆ, ಮಣೆಯನ್ನು ಯಾರೂ ನೋಡುವುದಿಲ್ಲ. ನನಗೇನೂ ಅದರಿಂದ ಬೇಜಾರಿರಲಿಲ್ಲ.

ನಾವು ಹೊಸ ಮರ ಮುಟ್ಟುವುದಿಲ್ಲ. ಪೀಣ್ಯದ ಕಾರ್ಖಾನೆಗಳಿಗೆ ಹೊರದೇಶದಿಂದ ಬರುವ ಯಂತ್ರಗಳು ಪೈನ್ ಮರದ ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಬರುತ್ತವೆ. ಯಂತ್ರ ಒಳಗೆ ಹೋಗುತ್ತದೆ, ಪೆಟ್ಟಿಗೆ ಬೀದಿಗೆ ಬೀಳುತ್ತದೆ. ಅದನ್ನು ಕೊಂಡು ತಂದು ಬಿಚ್ಚುತ್ತೇವೆ. ಶಾಂತಮ್ಮ ಮತ್ತು ಇನ್ನು ನಾಲ್ಕು ಜನ ಹೆಂಗಸರು ಅಂಗಳದಲ್ಲಿ ಕೂತು ಮೊಳೆ ಕೀಳುತ್ತಾರೆ. ನಮ್ಮ ಮೇಸ್ತ್ರಿ ಬಾಷಾ ಮರ ಹೆರೆಯುವ ತೋಪಡ ಹಿಡಿದು ಹಲಗೆಗಳನ್ನು ಉಜ್ಜುತ್ತಾನೆ. ಆಮೇಲೆ ಹುಳುಹುಪ್ಪಟೆ ಸಾಯುವ ಹಾಗೆ ಬಿಸಿ ಕೋಣೆಯಲ್ಲಿ ಕಾಯಿಸಿ, ಕಾಯಿಸಿದ್ದಕ್ಕೆ ಮುದ್ರೆ ಒತ್ತಿ, ಮಣೆ ಕಟ್ಟುತ್ತೇವೆ. ಅಪ್ಪನ ಕಾಲದಿಂದಲೂ ಇದೇ ಪದ್ಧತಿ.

ಪೆಟ್ಟಿಗೆಯ ಹಲಗೆಗಳ ಮೇಲೆ ಕಪ್ಪು ಬಣ್ಣದಲ್ಲಿ ಬರಹ ಇರುತ್ತದೆ. ಯಾವುದೋ ಊರಿನ ಹೆಸರು, ಕೊಡೆಯ ಚಿತ್ರ, ಮೇಲ್ಮುಖದ ಬಾಣ. ಕೆಲವು ವರ್ಷಗಳ ಹಿಂದೆ ಜರ್ಮನಿಯ ಗಿರಾಕಿಯೊಬ್ಬರು, ಹಲಗೆಯ ಮೇಲೆ ಹಳೆಯ ಬರಹ ಉಳಿದಿದೆ, ನೋಡಲು ಗಲೀಜಾಗಿದೆ ಎಂದು ತಕರಾರು ಮಾಡಿದ್ದರು. ಬಾಷಾ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟ. "ಒಂದಕ್ಷರ ಉಳಿಯಲ್ಲ ಅಕ್ಕ. ಮದುಮಗಳ ಥರ ಮಾಡಿ ಕಳಿಸ್ತೀನಿ," ಎಂದವನು ಅವತ್ತಿನಿಂದ ಹಲಗೆ ಬೆಣ್ಣೆಯಾಗುವವರೆಗೆ ಉಜ್ಜುತ್ತಿದ್ದ. ನಾನೂ ಹೆಮ್ಮೆಪಡುತ್ತಿದ್ದೆ. ಆ ಹೆಮ್ಮೆಯೇ ನಮಗೆ ಮುಳುವಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಆ ಗಿರಾಕಿಗೆ ಸರಕು ಕಳಿಸುವವನು ರಾಜಾನುಕುಂಟೆಯ ಮುನಿರಾಜು. ಸುತ್ತಮುತ್ತಲಿನ ರೈತರಿಂದ ಮಿಡಿಸೌತೆ ಕೊಂಡು, ಉಪ್ಪುನೀರಿನಲ್ಲಿ ಹಾಕಿ, ಡ್ರಮ್ಮುಗಳಲ್ಲಿ ತುಂಬಿ ಹಡಗಿಗೆ ಏರಿಸುತ್ತಾನೆ. ಡ್ರಮ್ಮು ಅವನದು, ಕೆಳಗಿನ ಮಣೆ ನನ್ನದು. ಹೋದ ವರ್ಷ ಗಿರಾಕಿಯಿಂದ ಹೊಸ ನಿಯಮ ಬಂತು. ಇನ್ನು ಮುಂದೆ ಪ್ರತಿ ಮಣೆಯ ಮರವೂ ಯಾವ ಕಾಡಿನದು ಎಂದು ತೋರಿಸಬೇಕಂತೆ. ಕಾಡು ಗೊತ್ತಿಲ್ಲದ ಮರ ಭೂಮಿಗೆ ಭಾರವಂತೆ.

ಮುನಿರಾಜು ಅಂಗಳಕ್ಕೆ ಬಂದು ನಿಂತ. "ನಾಗರತ್ನಕ್ಕ, ಇದು ಫೋನಲ್ಲಿ ಏಳಿದ್ರೆ ಆಗೋ ಮಾತಲ್ಲ. ಓಗಿ ಎದುರಿಗೆ ಕೂತು ಮಾತಾಡ್ಬೇಕು. ನಂಗೆ ಇಂಗ್ಲೀಷು ಅಷ್ಟಕ್ಕಷ್ಟೆ. ನೀವೂ ಬನ್ನಿ."

ದಾಖಲೆಯಿರುವ ಹೊಸ ಮರ ತರಿಸಿ ಮಣೆ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದು. ಆದರೆ ಹೊಸ ಮರದಲ್ಲಿ ಮೊಳೆ ಇರುವುದಿಲ್ಲ. ಮೊಳೆ ಇಲ್ಲದಿದ್ದರೆ ಶಾಂತಮ್ಮನಿಗೂ ಉಳಿದ ನಾಲ್ವರಿಗೂ ಕೆಲಸ ಇರುವುದಿಲ್ಲ. ಹೊರಡುವ ಹಿಂದಿನ ದಿನ ಶಾಂತಮ್ಮ ಎರಡೂ ಕೈ ನನ್ನ ಮುಂದೆ ಚಾಚಿದಳು. ಬೆರಳ ತುದಿಗಳು ಜಡ್ಡುಗಟ್ಟಿದ್ದವು, ಒಂದು ಉಗುರು ಹೋಗಿ ಬಹಳ ಕಾಲವಾಗಿತ್ತು. "ಫೋಟೋ ತಕ್ಕೊಳ್ಳಿ ಅಕ್ಕ. ಅವ್ರಿಗೆ ತೋರ್ಸಿ. ಇದು ಕೆಲಸ ಅಲ್ವಾ ಅಂತ ಕೇಳಿ," ಎಂದಳು. ತೆಗೆದುಕೊಂಡೆ.

ಹೆಬ್ಬಾಳ ದಾಟಿ

ವಿಮಾನ ನಿಲ್ದಾಣಕ್ಕೆ ಹೋಗುವಾಗ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಕಾರು ವಾಹನಗಳ ಸಂದಣಿಯಲ್ಲಿ ನಿಂತಿತು. ಅದು ನಿಲ್ಲದಿದ್ದರೆ ನಾನು ಬೇರೆ ಊರಿಗೆ ಬಂದಿದ್ದೇನೆ ಎಂದುಕೊಳ್ಳುತ್ತಿದ್ದೆ. ಅಕ್ಕಪಕ್ಕದ ಲಾರಿಗಳಲ್ಲಿ ನೋಡಿದ ಕಡೆಯೆಲ್ಲ ಮಣೆಗಳೇ. ಮುರಿದವು, ಹಗ್ಗ ಬಿಗಿದವು, ಮೂರು ಥರದ ಮರ ಸೇರಿಸಿ ತೇಪೆ ಹಾಕಿದವು. ನಮ್ಮಲ್ಲಿ ಒಂದು ಹಲಗೆ ಪುಡಿಯಾಗುವವರೆಗೆ ಅದಕ್ಕೆ ರಜೆ ಕೊಡುವವರಿಲ್ಲ. ಹೀಗೆ ಮತ್ತೆ ಮತ್ತೆ ಬಳಸುವುದಕ್ಕೊಂದು ದೊಡ್ಡ ಹೆಸರಿದೆ, ಅದರ ಮೇಲೆ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಸಭೆ ಮಾಡುತ್ತಾರೆ ಅನ್ನುವುದು ನಮಗೆ ತಿಳಿದಿರಲಿಲ್ಲ, ಅಷ್ಟೇ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮುನಿರಾಜುವಿನ ಕೈಚೀಲದಿಂದ ಮಿಡಿಸೌತೆಯ ಬಾಟಲಿ ಹೊರಗೆ ಬಂತು. ಗಿರಾಕಿಗೆ ಮನೆಯ ಸರಕು ತೋರಿಸಲು ಇಟ್ಟುಕೊಂಡಿದ್ದನಂತೆ. ನೀರಿರುವ ಬಾಟಲಿ ಒಳಗೆ ಬಿಡುವ ಹಾಗಿಲ್ಲ ಎಂದರು.

"ಅಲ್ಲಾ ಸಾರ್, ಕಂಟೇನರ್‌ಗಟ್ಲೆ ಕಳಿಸ್ತೀನಿ, ಯಾರೂ ಬ್ಯಾಡ ಅನ್ನಲ್ಲ. ಒಂದು ಬಾಟ್ಲಿಗೆ ಇಂಗ್ ಮಾಡ್ತೀರಲ್ಲ," ಎಂದ ಮುನಿರಾಜು. ಆ ಸಿಬ್ಬಂದಿ ನಗಲಿಲ್ಲ. ಮುನಿರಾಜು ಅಲ್ಲೇ ನಿಂತು ಬಾಟಲಿಯ ಮುಚ್ಚಳ ತೆಗೆದು ನಾಲ್ಕು ಮಿಡಿ ತಿಂದು, ನನಗೆ ಎರಡು ಕೊಟ್ಟು, ಉಳಿದಿದ್ದನ್ನು ಒಪ್ಪಿಸಿ ನಡೆದ.

ಡೂಯಿಸ್‌ಬರ್ಗ್

ರೈನ್ ನದಿಯ ದಂಡೆಯ ಊರು. ನದಿಯಲ್ಲಿ ಸರಕಿನ ದೋಣಿಗಳು ಒಂದರ ಹಿಂದೊಂದು ಹೋಗುತ್ತಲೇ ಇರುತ್ತವೆ. ನಾವಿಳಿದ ಮನೆಯ ಒಡತಿ ಇರ್ಮ್‌ಗಾರ್ಡ್ ಎಂಬ ವಯಸ್ಸಾದ ಹೆಂಗಸು. ಮೊದಲ ದಿನವೇ ನನ್ನಿಂದ ಒಂದು ಅಪರಾಧ ನಡೆದುಹೋಯಿತು. ಚಹಾ ಕುಡಿದು, ಅದರ ಪುಟ್ಟ ಚೀಲವನ್ನು ಕಸದ ಬುಟ್ಟಿಗೆ ಎಸೆದೆ. ಆಕೆ ಅದನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಕೂತಳು. ಸೊಪ್ಪು ಬೇರೆ, ಕಾಗದದ ಚೀಟಿ ಬೇರೆ, ಅದನ್ನು ಹಿಡಿದಿದ್ದ ಎಳ್ಳಿನಷ್ಟು ಪಿನ್ನು ಬೇರೆ ಮಾಡಿ, ಮೂರನ್ನೂ ಮೂರು ಬುಟ್ಟಿಗೆ ಹಾಕಿ ತೋರಿಸಿದಳು. ನಮ್ಮ ಮನೆಯಲ್ಲಿ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗಲೂ ಇಷ್ಟು ತಾಳ್ಮೆ ಇರುವುದಿಲ್ಲ.

ಆ ಪಿನ್ನು ನೋಡಿ ನನಗೆ ಶಾಂತಮ್ಮನ ನೆನಪಾಯಿತು. ಧೈರ್ಯವೂ ಬಂತು. ಚಹಾ ಚೀಲದ ಪಿನ್ನಿಗೇ ಇಷ್ಟು ಮರ್ಯಾದೆ ಕೊಡುವ ದೇಶ, ಪೆಟ್ಟಿಗೆಯ ಮೊಳೆ ಕೀಳುವವಳನ್ನು ಕಡೆಗಣಿಸುವುದುಂಟೇ ಎಂದುಕೊಂಡೆ. ಸಂಜೆ ಅಂಗಡಿಗೆ ಹೋದಾಗ ಖಾಲಿ ಬಾಟಲಿಗಳನ್ನು ನುಂಗುವ ಯಂತ್ರದ ಮುಂದೆ ಜನ ಸಾಲುಗಟ್ಟಿದ್ದರು. ಬಾಟಲಿ ಹಾಕಿದರೆ ಚೀಟಿ ಕೊಡುತ್ತದೆ, ಬಾಟಲಿ ತೊಳೆಸಿಕೊಂಡು ಮತ್ತೆ ಅಂಗಡಿಗೆ ಬರುತ್ತದೆ. ಅದು ಯಾವ ಮರಳಿನಿಂದ ಮಾಡಿದ ಗಾಜು ಎಂದು ಆ ಯಂತ್ರ ಯಾರನ್ನೂ ಕೇಳುತ್ತಿರಲಿಲ್ಲ.

ಗೋದಾಮು

ಗಿರಾಕಿಯ ಗೋದಾಮಿನಲ್ಲಿ ನಮ್ಮನ್ನು ಬರಮಾಡಿಕೊಂಡವಳು ಸಿಲ್ಕೆ. ಪ್ಯಾಕಿಂಗಿನ ವಿಷಯ ನೋಡಿಕೊಳ್ಳುವ ಅಧಿಕಾರಿ, ಮೂವತ್ತು ದಾಟಿರಬಹುದು, ಮುಖದಲ್ಲಿ ಕಪಟವಿಲ್ಲ. ಪರದೆಯ ಮೇಲೆ ಹಸಿರು ಎಲೆಗಳ ಚಿತ್ರ ತೋರಿಸಿ, ಸಾಗಣೆಯಲ್ಲಿ ಮುಂಬರುವ ಸವಾಲುಗಳನ್ನು ವಿವರಿಸಿದಳು. ಮುಂದಿನ ಪೀಳಿಗೆಗೆ ನಾವು ಉತ್ತರ ಕೊಡಬೇಕು ಎಂದಳು. ಮುನಿರಾಜು ಎಲ್ಲದಕ್ಕೂ ತಲೆದೂಗಿ, ನನ್ನ ಕಿವಿಯಲ್ಲಿ, "ಚೆನ್ನಾಗ್ ಮಾತಾಡ್ತಾರೆ ಅಲ್ವಾ," ಎಂದ.

ನಾನು ನಮ್ಮ ಪದ್ಧತಿ ಹೇಳಿದೆ. ಶಾಂತಮ್ಮನ ಕೈಯ ಫೋಟೋ ತೋರಿಸಿದೆ. ಸಿಲ್ಕೆ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. "ಇದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಈ ಮರ ಯಾವ ಕಾಡಿನದು ಎಂದು ನಿಮಗೆ ಗೊತ್ತೇ?" ಎಂದಳು.

"ನಿಮ್ಮದೇ ಕಾಡಿನದು. ನಿಮ್ಮ ಕಡೆಯ ಯಂತ್ರಗಳ ಪೆಟ್ಟಿಗೆ."

"ಅದಕ್ಕೆ ಗುರುತು?"

ಗುರುತು ಎಲ್ಲಿಂದ ತರಲಿ? ಗುರುತು ಇದ್ದರೆ ಗಲೀಜು ಎಂದವರು ನೀವೇ, ಬೆಣ್ಣೆಯ ಹಾಗೆ ಉಜ್ಜಿ ಕಳಿಸಿದವರು ನಾವೇ ಎಂದು ಹೇಳಿದೆ. ಅವಳು ಹಳೆಯ ಕಡತ ತೆರೆದು ನೋಡಿ, ಹೌದು, ಆ ತಕರಾರು ನಮ್ಮ ಕಡೆಯಿಂದಲೇ ಹೋಗಿದೆ ಎಂದು ಒಪ್ಪಿಕೊಂಡಳು. ಒಪ್ಪಿಕೊಳ್ಳುವುದರಲ್ಲಿ ಆ ಜನ ಬಹಳ ಚೆನ್ನಾಗಿದ್ದಾರೆ. ಒಪ್ಪಿಕೊಂಡ ಮೇಲೆ ಏನೂ ಮಾಡುವುದಿಲ್ಲ.

ಹೊರಗೆ ಅಂಗಳದಲ್ಲಿ ನಮ್ಮ ಮಣೆಗಳ ರಾಶಿ ಕಂಡಿತು. ಪಕ್ಕದಲ್ಲಿ ಒಂದು ಯಂತ್ರ ಅವುಗಳನ್ನು ಒಂದೊಂದಾಗಿ ನುಂಗಿ, ಚಕ್ಕೆ ಮಾಡಿ ಉಗುಳುತ್ತಿತ್ತು. ಒಂದೇ ಒಂದು ಸಲ ಸಮುದ್ರ ದಾಟಿದ ಮಣೆಗಳು, ಇನ್ನೂ ಹತ್ತು ಸಲ ದಾಟುವ ಕಸುವಿದ್ದವು. ಚಕ್ಕೆಯನ್ನು ಉರಿಸಿ ಗೋದಾಮನ್ನು ಬೆಚ್ಚಗಿಡುತ್ತಾರಂತೆ. ದಾಖಲೆಯಿಲ್ಲದ ಮರವನ್ನು ಮತ್ತೆ ಬಳಸುವ ಹಾಗಿಲ್ಲ, ಉರಿಸಬಹುದು. ಇದನ್ನು ಸಿಲ್ಕೆ ಹೇಳಿದಾಗ ನನ್ನ ಮೈ ಉರಿಯಿತು.

ನಾನು ಆ ರಾಶಿಗೇ ಹೋಗಿ ಕೈ ಹಾಕಿದೆ. ಹಳದಿ ಅಂಗಿ ತೊಟ್ಟ ಕೆಲಸಗಾರ ಏನೋ ಕೂಗಿದ, ಸಿಲ್ಕೆ ಅವನನ್ನು ತಡೆದಳು. ಒಂದು ಮಣೆಯ ಹಲಗೆ ಕಿತ್ತುಬಂದಿತ್ತು. ಎರಡು ಹಲಗೆ ಒಂದರ ಮೇಲೊಂದು ಕೂರುವ ಒಳಮೈ ಅದು, ಮೊಳೆ ಹೊಡೆದ ಮೇಲೆ ಯಾರಿಗೂ ಕಾಣದ ಜಾಗ. ಅಲ್ಲಿ ಬಾಷಾ ತೋಪಡ ಓಡಿಸಿರಲಿಲ್ಲ. ಕಪ್ಪು ಅಕ್ಷರಗಳು ಮಾಸದೆ ಉಳಿದಿದ್ದವು. ಸಿಲ್ಕೆ ಬಗ್ಗಿ ಓದಿದಳು. "ಆಲ್ಟನ್‌ಬಾಖ್."

ಅದೊಂದು ಸಣ್ಣ ಊರಂತೆ, ಡೂಯಿಸ್‌ಬರ್ಗ್‌ನಿಂದ ಒಂದೇ ರೈಲಿನ ದಾರಿ. ಊರಿನಲ್ಲಿ ಇರುವುದು ಒಂದೇ ಯಂತ್ರದ ಕಾರ್ಖಾನೆ. "ಅವರು ಕಾಡಿನ ದಾಖಲೆ ಕೊಟ್ಟರೆ ನಾನು ಮೇಲಿನವರ ಜೊತೆ ಮಾತಾಡುತ್ತೇನೆ," ಎಂದು ಸಿಲ್ಕೆ ಅವರಿಗೆ ಫೋನ್ ಮಾಡಿ ನಮಗೆ ಭೇಟಿಯನ್ನೂ ಗೊತ್ತುಮಾಡಿದಳು. ಆ ಹಲಗೆಯನ್ನು ನಾನು ಸೀರೆಯ ಸೆರಗಿನಿಂದ ಒರೆಸಿ ಕಂಕುಳಲ್ಲಿ ಇಟ್ಟುಕೊಂಡೆ.

ಆಲ್ಟನ್‌ಬಾಖ್

ಜರ್ಮನಿಯ ರೈಲು ಗಡಿಯಾರದ ಹಾಗೆ ಎಂದು ಯಾರು ಹೇಳಿದರೋ, ಅವರನ್ನು ಒಂದು ಸಲ ಆ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಬೇಕು. ರೈಲು ತಡ, ಆಮೇಲೆ ಇನ್ನೂ ತಡ, ಆಮೇಲೆ ಬೇರೆ ಪ್ಲಾಟ್‌ಫಾರ್ಮು. ಯಶವಂತಪುರದಲ್ಲಾದರೆ ಅಷ್ಟು ಹೊತ್ತಿಗೆ ಅಕ್ಕಪಕ್ಕದವರ ಊರು, ಕುಲ, ಮಕ್ಕಳ ಮದುವೆ ಎಲ್ಲ ವಿಚಾರಿಸಿ ಆಗಿರುತ್ತಿತ್ತು. ಇಲ್ಲಿ ಎಲ್ಲರೂ ತಮ್ಮ ತಮ್ಮ ಫೋನಿಗೆ ಮಾತ್ರ ಮುಖ ಸಿಂಡರಿಸುತ್ತಿದ್ದರು. ಮುನಿರಾಜು ಅವಲಕ್ಕಿಯ ಪೊಟ್ಟಣ ಬಿಚ್ಚಿ ಪಕ್ಕದ ಹೆಂಗಸಿಗೆ ಚಾಚಿದ. ಆಕೆ ಹೆದರಿ ಎದ್ದುಹೋದಳು. "ವಿಷ ಇಟ್ಟೌನೆ ಅಂದ್ಕೊಂಡ್ಳೇನೋ," ಎಂದು ಅವನು ತಾನೇ ತಿಂದ.

ಊರು ತಲುಪುವ ಮೊದಲೇ ಕಿಟಕಿಯ ಎರಡೂ ಕಡೆ ಪೈನ್ ಮರಗಳು ಶುರುವಾದವು. ಗುಡ್ಡದ ತುಂಬಾ, ನೆಟ್ಟಗೆ. ನನಗೆ ವಿಚಿತ್ರವಾದ ಸಂಕಟವಾಯಿತು. ಹತ್ತು ವರ್ಷದವಳಿದ್ದಾಗಿನಿಂದ ಈ ಮರದ ವಾಸನೆಯಲ್ಲೇ ಬೆಳೆದಿದ್ದೇನೆ. ನಿಂತಿರುವ ಮರವನ್ನು ನೋಡಿದ್ದು ಅವತ್ತೇ ಮೊದಲು.

ಕಾರ್ಖಾನೆಯ ಪ್ಯಾಕಿಂಗ್ ವಿಭಾಗದ ಹಿರಿಯರೊಬ್ಬರು ಕಾಫಿ, ಸೇಬಿನ ಕೇಕು ಇಟ್ಟುಕೊಂಡು ಕಾದಿದ್ದರು. ಹಲಗೆಯನ್ನು ಕೈಗೆ ಕೊಟ್ಟೆ. ಅವರ ಕಣ್ಣು ಅರಳಿತು. "ನಮ್ಮದೇ ಅಕ್ಷರ, ನಮ್ಮದೇ ಮರ. ಇದು ಇಂಡಿಯಾಕ್ಕೆ ಹೋಗಿ ವಾಪಸು ಬಂದಿದೆಯೇ?" ಎಂದು ಬೆರಳಿನಿಂದ ಸವರಿದರು. ಮದುವೆಯಾಗಿ ದೂರ ಹೋದ ಮಗಳನ್ನು ನೋಡಿದ ಹಾಗಿತ್ತು. ಕೆಲಸ ಆಯಿತು ಎಂದುಕೊಂಡೆ.

ಆಗ ಗೋಡೆಯ ಮೇಲಿನ ಚಿತ್ರ ನೋಡಿದೆ. ಬಾಗಿಲಿನಷ್ಟು ದೊಡ್ಡದು. ಪೈನ್ ಪೆಟ್ಟಿಗೆಯ ಹಲಗೆಯಿಂದ ಮೊಳೆ ಕೀಳುತ್ತಿರುವ ಎರಡು ಕೈ. ನಮ್ಮ ಬಣ್ಣದ ಕೈ, ಗಾಜಿನ ಬಳೆ. ಮುಖ ಇಲ್ಲ. ಅದರ ಕೆಳಗೆ ಹಸಿರು ಅಕ್ಷರದಲ್ಲಿ ಏನೋ ಬರೆದಿತ್ತು. ಕೇಳಿದೆ.

"ನಮ್ಮ ಪೆಟ್ಟಿಗೆಗಳಿಗೆ ಎರಡನೆಯ ಜನ್ಮ, ಎಂದು ಬರೆದಿದೆ," ಎಂದರು ಹಿರಿಯರು, ತುಂಬ ಸಂತೋಷದಿಂದ. ಅವರ ಪೆಟ್ಟಿಗೆಗಳು ಕಸವಾಗುವುದಿಲ್ಲ, ತಲುಪಿದ ದೇಶದಲ್ಲಿ ಮತ್ತೆ ಬಳಕೆಯಾಗುತ್ತವೆ. ಅದಕ್ಕಾಗಿ ಕಾರ್ಖಾನೆಗೆ ಒಳ್ಳೆಯ ಹೆಸರು ಬಂದಿದೆ, ಪ್ರಮಾಣಪತ್ರವೂ ಬಂದಿದೆ.

"ಆ ಎರಡನೆಯ ಜನ್ಮ ಕೊಡುವವರು ಯಾರು?"

"ಅಲ್ಲಿನ ಪಾಲುದಾರರು."

"ಯಾರು ಅವರು? ಹೆಸರೇನು?"

ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿದೆ. ನಾನು, ಬಾಷಾ, ಶಾಂತಮ್ಮ. ಯಶವಂತಪುರ, ರೈಲು ಹಳಿಯ ಪಕ್ಕ. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು, ಫೋಟೋ ತೆಗೆಸಿಕೊಂಡರು. ಹಾಗಾದರೆ ಇದು ನಿಮ್ಮ ಕಾಡಿನ ಮರ, ನಾವು ಮತ್ತೆ ಬಳಸಿದ್ದೇವೆ ಎಂದು ಒಂದು ಸಾಲು ಬರೆದುಕೊಡಿ ಎಂದೆ.

ಅವರ ನಗು ಅಲ್ಲಿಗೆ ನಿಂತಿತು. ಬೇಸರದಿಂದಲೇ ವಿವರಿಸಿದರು. ಪೆಟ್ಟಿಗೆ ಬೆಂಗಳೂರಿನಲ್ಲಿ ಇಳಿದ ಕೂಡಲೇ ಕಾಡಿನ ದಾಖಲೆ ಮುಗಿದುಹೋಗುತ್ತದೆ. ಮರುಬಳಕೆಯ ಪುಣ್ಯವನ್ನು ಅವರು ಆಗಲೇ ತಮ್ಮ ಹೆಸರಿನಲ್ಲಿ ತೋರಿಸಿದ್ದಾರೆ. ಒಂದೇ ಮರವನ್ನು ಇಬ್ಬರ ಹೆಸರಿನಲ್ಲಿ ತೋರಿಸುವಂತಿಲ್ಲ.

ಮುನಿರಾಜು, "ಏನಂತೆ ಅಕ್ಕ?" ಎಂದ. ಹೇಳಿದೆ. ಅವನು ಬಾಯಲ್ಲಿದ್ದ ಕೇಕು ನುಂಗಿ, ಆ ಚಿತ್ರವನ್ನೇ ನೋಡುತ್ತಾ, "ಅಂದ್ರೆ ಮೊಳೆ ಕಿತ್ತಿದ್ದು ಇವ್ರ ಎಸರಿಗೆ. ಗಲೀಜು ಮಾತ್ರ ನಮ್ಮ ಎಸರಿಗಾ?" ಎಂದ.

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ, ಒಂದು ಮಾತೂ ಬಿಡದೆ. ನನ್ನ ದನಿ ಏರಿತ್ತು. "ನಿಮ್ಮ ಗೋಡೆಯ ಮೇಲಿನ ಆ ಕೈಗಳಿಗೆ ಮುಂದಿನ ವರ್ಷ ಕೆಲಸ ಇರುವುದಿಲ್ಲ. ಆಗ ಈ ಚಿತ್ರ ಇಳಿಸುತ್ತೀರಾ?" ಎಂದೂ ಕೇಳಿದೆ. ಹಿರಿಯರು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು. ಹೊರಡುವಾಗ ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿಕೊಟ್ಟರು. ತೆಗೆದುಕೊಳ್ಳಲಿಲ್ಲ. ಮುನಿರಾಜು ತೆಗೆದುಕೊಂಡ.

ಸ್ಟೇಷನ್ನಿನಿಂದ ಸಿಲ್ಕೆಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ನನ್ನ ಕಂಪ್ಯೂಟರಿನಲ್ಲಿ ಎರಡೇ ಉತ್ತರಕ್ಕೆ ಜಾಗ ಇದೆ. ದಾಖಲೆಯಿರುವ ಮರ, ಇಲ್ಲವೇ ದಾಖಲೆಯಿಲ್ಲದ ಮರ. ನಿಮ್ಮದು ಎರಡನೆಯದಕ್ಕೆ ಹೋಗುತ್ತದೆ. ಕ್ಷಮಿಸಿ," ಎಂದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕ್ಷಮಿಸಿ ಎಂದವಳಿಗೆ ಏನು ಹೇಳುವುದು?

ವಾಪಸು ರೈಲಿನಲ್ಲಿ ಮುನಿರಾಜು ಕೇಕಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದ. ಆಮೇಲೆ, "ಅಕ್ಕ, ತಪ್ಪು ತಿಳೀಬೇಡಿ. ನನ್ನ ನಂಬ್ಕೊಂಡು ಸೌತೆ ಆಕಿರೋ ರೈತ್ರು ಔರೆ. ಗಿರಾಕಿ ಬಿಟ್ರೆ ಅವ್ರಿಗೇನ್ ಏಳ್ಲಿ? ಒಸ ಮರದ್ದೇ ಮಾಡ್ಕೊಡಿ," ಎಂದ. ಅವನ ಮೇಲೂ ಸಿಟ್ಟು ಬಂತು. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ ಅನ್ನಿಸಿ ಸಿಟ್ಟು ಇನ್ನೂ ಹೆಚ್ಚಾಯಿತು.

ಮತ್ತೆ ಯಶವಂತಪುರ

ದಾಖಲೆಯಿರುವ ಮರ ಹುಡುಕಿದೆ. ಗಿರಾಕಿ ಒಪ್ಪುವ ಮರ ಕೊನೆಗೆ ಎಲ್ಲಿ ಸಿಕ್ಕಿತು ಎಂದರೆ, ಜರ್ಮನಿಯಲ್ಲೇ. ಅಲ್ಲಿ ಕಡಿದ ಹೊಸ ಪೈನ್ ಮರ ಹಡಗಿನಲ್ಲಿ ಚೆನ್ನೈಗೆ ಬಂದು, ಲಾರಿಯಲ್ಲಿ ನಮ್ಮ ಅಂಗಳಕ್ಕೆ ಬಂದು, ಮಣೆಯಾಗಿ, ಸೌತೆಯ ಡ್ರಮ್ಮು ಹೊತ್ತು, ಮತ್ತೆ ಹಡಗು ಹತ್ತಿ ಜರ್ಮನಿಗೆ ಹೋಗಬೇಕು. ಇದು ಭೂಮಿಗೆ ಭಾರವಲ್ಲವಂತೆ. ಪೀಣ್ಯದ ಬೀದಿಗೆ ಬಿದ್ದಿರುವ ಅದೇ ಮರ ಭಾರವಂತೆ. ಇದನ್ನು ನಾನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹಳೆಯ ಮರದ ಮಣೆಗೆ ಊರಲ್ಲೇ ಕೆಲವು ಗಿರಾಕಿಗಳಿದ್ದಾರೆ, ಆದರೆ ಅದು ಐದು ಜನಕ್ಕೆ ಸಾಲುವ ಕೆಲಸವಲ್ಲ. ಇಬ್ಬರು ಆರ್.ಟಿ. ನಗರದ ಕಡೆ ಮನೆಗೆಲಸ ಹಿಡಿದರು. ಇನ್ನಿಬ್ಬರು ಬರುವುದು ಬಿಟ್ಟರು. ಶಾಂತಮ್ಮ ಮಾತ್ರ ಕರೆದ ದಿನ ಬರುತ್ತೇನೆ ಎಂದಳು.

ಹೊಸ ಮರದ ಮೊದಲ ಲಾರಿ ಬಂದ ದಿನ ಅವಳನ್ನು ಕರೆದೆ. ಹಲಗೆಗಳ ಕಟ್ಟು ನುಣ್ಣಗೆ, ಬೆಳ್ಳಗೆ, ಮೂಲೆಮೂಲೆಗೆ ಕಾಡಿನ ಹೆಸರಿರುವ ಹಸಿರು ಚೀಟಿ. ಆ ಕಟ್ಟುಗಳನ್ನು ಎತ್ತಲು ಅನುಕೂಲವಾಗಲಿ ಎಂದು ಕೆಳಗೆ ಒರಟು ಪೈನ್ ತುಂಡುಗಳನ್ನು ಮೊಳೆ ಹೊಡೆದು ಕೂರಿಸಿದ್ದರು. ಅವುಗಳಿಗೆ ಚೀಟಿ ಇರಲಿಲ್ಲ. ಮರದ ಕೆಳಗಿನ ಮರ, ಯಾರೂ ನೋಡುವುದಿಲ್ಲವಲ್ಲ.

ಬಾಷಾ ಒಂದು ತುಂಡಿನ ಮೇಲಿನ ಕಪ್ಪು ಬರಹ ನೋಡಿ ತೋಪಡ ಎತ್ತಿಕೊಂಡವನು ನನ್ನ ಕಡೆ ತಿರುಗಿದ. "ಉಜ್ಜಲಾ ಅಕ್ಕ, ಬಿಡಲಾ?"

"ಬಿಡು. ಇನ್ಮೇಲೆ ಯಾವ್ದನ್ನೂ ಉಜ್ಜಬೇಡ."

ಶಾಂತಮ್ಮ ತನ್ನ ಹಳೆಯ ಜಾಗದಲ್ಲಿ ಕೂತು ಆ ತುಂಡುಗಳ ಮೊಳೆ ಕೀಳತೊಡಗಿದಳು. ಕಿತ್ತ ಮೊಳೆಗಳು ತಗಡಿನ ಡಬ್ಬಕ್ಕೆ ಬೀಳುವ ಸದ್ದು ಬಹಳ ದಿನದ ಮೇಲೆ ಕೇಳಿಸಿತು. ಊಟದ ಹೊತ್ತಿಗೆ ಮುಗಿದುಹೋಯಿತು. ಡಬ್ಬದ ತಳವೂ ತುಂಬಿರಲಿಲ್ಲ.

"ಅಷ್ಟೇನಾ ಅಕ್ಕ?" ಎಂದಳು.

"ಅಷ್ಟೇ ಕಣೇ."

ಅವಳು ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು. "ಆ ಫೋಟೋ ತೋರ್ಸಿದ್ರಲ್ಲ ಅವ್ರಿಗೆ, ಏನಂದ್ರು?"

"ಒಳ್ಳೆ ಕೆಲಸ ಅಂದ್ರು."

"ಹೌದಾ," ಎಂದಳು. ಅವಳಿಗೆ ಖುಷಿಯಾಯಿತು. "ಹಂಗಾದ್ರೆ ನಾಳೆ ಬರ್ಲಾ?"

ಬಾ ಎಂದೆ. ನಾಳೆ ಏನು ಕೆಲಸ ಕೊಡುವುದು ಎಂದು ನನಗೆ ಗೊತ್ತಿರಲಿಲ್ಲ. ಆಲ್ಟನ್‌ಬಾಖ್‌ನ ಆ ಗೋಡೆಯ ಮೇಲೆ ಮಾತ್ರ ಬಳೆ ತೊಟ್ಟ ಕೈಗಳು ಇವತ್ತೂ ಮೊಳೆ ಕೀಳುತ್ತಲೇ ಇರಬೇಕು.